ಸೀಟಿ ಊದುವವನ ಬಾಕಿ ಲೆಕ್ಕ

2023ರ ಮಾರ್ಚ್ 3ರ ರಾತ್ರಿ ನಾನು ಕಂಠೀರವ ಸ್ಟೇಡಿಯಮ್ಮಿನಲ್ಲಿದ್ದೆ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ನಾಕೌಟ್ ಪಂದ್ಯ. ಪಕ್ಕದಲ್ಲಿ ನಮ್ಮ ಟೀಮಿನಲ್ಲೇ ಟೆಸ್ಟಿಂಗ್ ಮಾಡುವ ತ್ರಿಶ್ಶೂರಿನ ಹುಡುಗ ಕೂತಿದ್ದ. 90 ನಿಮಿಷ ಆದರೂ ಒಂದೂ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್ ಶುರುವಾಗಿ ಐದಾರು ನಿಮಿಷಕ್ಕೆ ನಮಗೊಂದು ಫ್ರೀಕಿಕ್ ಸಿಕ್ಕಿತು. ಬ್ಲಾಸ್ಟರ್ಸ್‌ನವರು ಗೋಡೆ ಕಟ್ಟಿ ನಿಲ್ಲುವುದಕ್ಕೆ ಇನ್ನೂ ಜಾಗ ನೋಡಿಕೊಳ್ತಾ ಇದ್ದರು, ಅಷ್ಟರಲ್ಲಿ ಸುನಿಲ್ ಚೆಟ್ರಿ ಸದ್ದಿಲ್ಲದೆ ಚೆಂಡನ್ನು ಬಲೆಗೆ ಸೇರಿಸಿಬಿಟ್ಟರು. ರೆಫರಿ ಗೋಲು ಅಂದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಹುಡುಗರನ್ನೆಲ್ಲ ಮೈದಾನದಿಂದ ಹೊರಗೆ ಕರೆದರು. ಅವರು ವಾಪಸ್ ಬರಲೇ ಇಲ್ಲ.

ನಾವೆಲ್ಲ ಕುಣೀತಿದ್ದಾಗ ಪಕ್ಕದವನು ಒಂದೇ ಮಾತು ಹೇಳಿದ: "ರೆಫ್ರಿ ಸೇಲ್ ಆಗೋಗಿದಾನೆ ಮಚ್ಚಾ. ದುಡ್ಡು."

ನಾನು ನಕ್ಕೆ. ಗೆದ್ದವರು ನಗುವುದು ಸುಲಭ ಅಲ್ವಾ? ಆದರೆ ಮೆಟ್ರೋದಲ್ಲಿ ಮನೆಗೆ ಬರುವಾಗ ಆ ಮಾತು ತಲೆಯಲ್ಲೇ ಕೂತಿತ್ತು. ಯಾಕೆ ಅಂದರೆ ಅದೇ ಮಾತನ್ನು ನಾನು ಚಿಕ್ಕವನಾಗಿದ್ದಾಗ ಊರಿನಲ್ಲಿ ಕೇಳಿದ್ದೆ, ನಮ್ಮ ಅಪ್ಪನ ಬಗ್ಗೆ.

ತಿಪಟೂರು ಕಡೆಯ ಒಂದು ಹಳ್ಳಿ ನಮ್ಮದು. ಜಾತ್ರೆ ಟೈಮಲ್ಲಿ ಸುತ್ತಲ ಊರುಗಳ ಕಬಡ್ಡಿ ಟೂರ್ನಮೆಂಟ್ ಆಗ್ತಿತ್ತು. ಅಪ್ಪನೇ ಅಂಪೈರ್. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಫೈನಲ್ಲಿಗೆ ನಮ್ಮೂರು ಮತ್ತು ಪಕ್ಕದೂರು ಬಂದವು. ಕೊನೇ ರೈಡ್. ಪಕ್ಕದೂರಿನ ಹುಡುಗನನ್ನು ನಮ್ಮವರು ಮೂರು ಜನ ಹಿಡಿದು ಕೆಡವಿದರು. ಅವನು ಕೈ ಚಾಚಿದ. ಬೆರಳು ಸುಣ್ಣದ ಗೆರೆ ಮುಟ್ಟಿತೋ ಇಲ್ಲವೋ, ಅಷ್ಟು ಹೊತ್ತಿಗೆ ಗೆರೆಯೂ ಅರ್ಧ ಅಳಿಸಿಹೋಗಿತ್ತು. ಅಪ್ಪ ಮುಟ್ಟಿದ ಅಂತ ಸೀಟಿ ಊದಿದರು. ನಮ್ಮೂರು ಸೋತಿತು. ಮಾರನೇ ದಿನ ಹೋಟೆಲಿನಲ್ಲಿ ಸುದ್ದಿ: ಪಕ್ಕದೂರಿನ ಟೀಮಿಗೆ ಜೆರ್ಸಿ ಕೊಡಿಸಿದ್ದು ಗೊಬ್ಬರದ ಅಂಗಡಿಯವನು, ಅದೇ ಅಂಗಡಿಯಲ್ಲಿ ಅಪ್ಪನದು ಎರಡು ವರ್ಷದ ಬಾಕಿ ಇದೆ. ಅಪ್ಪ ಮತ್ತೆ ಯಾವತ್ತೂ ಸೀಟಿ ಹಿಡಿಯಲಿಲ್ಲ. ನಾನೂ ಒಂದಷ್ಟು ದಿನ ಅವರ ಮುಖ ನೋಡಿ ಮಾತಾಡಲಿಲ್ಲ.

ಹಾಗಾಗಿ ಕಂಠೀರವದ ಆ ರಾತ್ರಿಯ ನಂತರ, ವೀಕೆಂಡುಗಳಲ್ಲಿ, ಒಂದು ಪ್ರಶ್ನೆ ಇಟ್ಟುಕೊಂಡು ಫುಟ್‌ಬಾಲಿನ ಹಳೇ ಕೇಸುಗಳನ್ನು ಓದುವುದಕ್ಕೆ ಶುರು ಮಾಡಿದೆ. ರೆಫರಿ ದುಡ್ಡಿಗೆ ಮಾರಿಕೊಂಡ ಅಂತ ನಾವು ಕೂಗುತ್ತೀವಲ್ಲ, ನಿಜವಾಗಿ ಮಾರಿಕೊಂಡಾಗ ಅದು ಹೇಗಿತ್ತು? ಗೊತ್ತಾಗಿದ್ದು ಹೇಗೆ?

ಮೊದಲ ಕಥೆ ಬ್ರಯನ್ ಕ್ಲಫ್ ಎಂಬ ಇಂಗ್ಲಿಷ್ ಮ್ಯಾನೇಜರ್‌ನದು. ಅವರ ಬದುಕಿನಲ್ಲಿ ಏಪ್ರಿಲ್ 25 ಅನ್ನುವ ತಾರೀಕು ಎರಡು ಸಲ ಬರುತ್ತದೆ, 11 ವರ್ಷದ ಅಂತರದಲ್ಲಿ.

ಮೊದಲನೆಯದು 1973ರಲ್ಲಿ. ಕ್ಲಫ್ ಆಗ ಡರ್ಬಿ ಕೌಂಟಿ ಕ್ಲಬ್ಬಿನ ಮ್ಯಾನೇಜರ್. ಯುರೋಪಿಯನ್ ಕಪ್ ಸೆಮಿಫೈನಲ್, ಎದುರಾಳಿ ಇಟಲಿಯ ಯುವೆಂಟಸ್. ಟೂರಿನ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಡರ್ಬಿ 3-1ರಿಂದ ಸೋತಿತ್ತು. ಮೋಸ, ಮೋಸ ಅಂತ ಕ್ಲಫ್ ಇಟಲಿಯ ಪತ್ರಕರ್ತರ ಮುಂದೆಯೇ ಕೂಗಾಡಿದ್ದರು. ಎರಡನೇ ಪಂದ್ಯ ಡರ್ಬಿಯಲ್ಲಿ. ರೆಫರಿ ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಮಾರ್ಕೆಸ್ ಲೋಬೊ. ಈ ಲೋಬೊ ಹತ್ತಿರ ದೆಜೊ ಶೋಲ್ಟಿ ಎಂಬ ಹಂಗೆರಿ ಮೂಲದ ದಲ್ಲಾಳಿ ಹೋಗಿ, ಯುವೆಂಟಸ್ ಫೈನಲ್ಲಿಗೆ ಹೋಗುವ ಹಾಗೆ ನೋಡಿಕೊಂಡರೆ 5,000 ಡಾಲರ್, ಜೊತೆಗೆ ಒಂದು ಫಿಯಟ್ ಕಾರು ಅಂತ ಆಸೆ ತೋರಿಸಿದ.

ಲೋಬೊ ಒಪ್ಪಲಿಲ್ಲ. ಬರೀ ಒಪ್ಪದೇ ಸುಮ್ಮನಾಗಲೂ ಇಲ್ಲ. ವಿಷಯವನ್ನು ತಮ್ಮ ದೇಶದ ಫುಟ್‌ಬಾಲ್ ಅಧಿಕಾರಿಗಳಿಗೆ ಹೇಳಿದರು, ಶೋಲ್ಟಿಯ ಜೊತೆ ಫೋನಿನಲ್ಲಿ ಆಡಿದ ಮಾತನ್ನು ಟೇಪ್ ಮಾಡಿಕೊಂಡರು. ಪಂದ್ಯ 0-0 ಆಯಿತು, ಯುವೆಂಟಸ್ ಫೈನಲ್ಲಿಗೆ ಹೋಯಿತು. ಸ್ಕೋರ್ ಮಾತ್ರ ನೋಡಿದವನು ಏನಂದುಕೊಳ್ತಾನೆ? ರೆಫರಿ ಮ್ಯಾನೇಜ್ ಆಗಿದಾನೆ ಅಂತ. ಆದರೆ ಅದೇ ಪಂದ್ಯದಲ್ಲಿ ಲೋಬೊ ಡರ್ಬಿಗೆ ಒಂದು ಪೆನಾಲ್ಟಿ ಕೊಟ್ಟಿದ್ದರು. ಅಲನ್ ಹಿಂಟನ್ ಅದನ್ನು ಹೊರಗೆ ಹೊಡೆದರು. ಲಂಚ ಬೇಡ ಅಂದ ಮನುಷ್ಯನ ಪಂದ್ಯ ಕೂಡ ಲಂಚ ಕೊಡಲು ಬಂದವನಿಗೆ ಬೇಕಾದ ಹಾಗೆಯೇ ಮುಗಿಯಿತು. ಒಂದು ವರ್ಷ ಕಳೆದ ಮೇಲೆ ಸಂಡೇ ಟೈಮ್ಸ್ ಪತ್ರಿಕೆಯ ಬ್ರಯನ್ ಗ್ಲ್ಯಾನ್‌ವಿಲ್ ಮತ್ತು ಕೀತ್ ಬಾಟ್ಸ್‌ಫರ್ಡ್ ಇದನ್ನೆಲ್ಲ ಬರೆದರು. ಯುಇಎಫ್‌ಎ ವಿಚಾರಣೆ ಮಾಡಿ ಯುವೆಂಟಸ್ ತಪ್ಪಿತಸ್ಥ ಅಲ್ಲ ಅಂದಿತು.

ಎರಡನೇ ಏಪ್ರಿಲ್ 25 ಬಂದದ್ದು 1984ರಲ್ಲಿ. ಕ್ಲಫ್ ಈಗ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮ್ಯಾನೇಜರ್. ಯುಇಎಫ್‌ಎ ಕಪ್ ಸೆಮಿಫೈನಲ್, ಎದುರಾಳಿ ಬೆಲ್ಜಿಯಂನ ಆಂಡರ್ಲೆಕ್ಟ್. ಮೊದಲ ಪಂದ್ಯವನ್ನು ಫಾರೆಸ್ಟ್ 2-0ರಿಂದ ಗೆದ್ದಿತ್ತು. ಬ್ರಸೆಲ್ಸ್‌ನಲ್ಲಿ ನಡೆದ ಎರಡನೇ ಪಂದ್ಯಕ್ಕೆ ಸ್ಪೇನಿನ ಎಮಿಲಿಯೊ ಗುರುಸೇಟಾ ಮುರೊ ರೆಫರಿ. ಆಂಡರ್ಲೆಕ್ಟ್‌ಗೆ ಅನುಮಾನದ ಒಂದು ಪೆನಾಲ್ಟಿ ಸಿಕ್ಕಿತು. ಕೊನೆಯಲ್ಲಿ ಫಾರೆಸ್ಟ್‌ನ ಪಾಲ್ ಹಾರ್ಟ್ ತಲೆಯಿಂದ ಹೊಡೆದ ಗೋಲನ್ನು ರೆಫರಿ ರದ್ದು ಮಾಡಿದರು. ಆಂಡರ್ಲೆಕ್ಟ್ 3-0ರಿಂದ ಗೆದ್ದು ಫೈನಲ್ಲಿಗೆ ಹೋಯಿತು. ಫಾರೆಸ್ಟ್ ಆಟಗಾರರು ಗೊಣಗಿದರು. ಸೋತವರು ಗೊಣಗ್ತಾರೆ ಅಂತ ಲೋಕ ಸುಮ್ಮನಾಯಿತು.

13 ವರ್ಷ ಕಳೆಯಿತು. ಗುರುಸೇಟಾ 1987ರಲ್ಲೇ ಕಾರ್ ಆಕ್ಸಿಡೆಂಟಿನಲ್ಲಿ ತೀರಿಕೊಂಡಿದ್ದರು. 1997ರಲ್ಲಿ ವಿಷಯ ಹೊರಬಿತ್ತು: ಪಂದ್ಯದ ನಂತರ ಆಂಡರ್ಲೆಕ್ಟ್ ಅಧ್ಯಕ್ಷ ಕಾನ್‌ಸ್ಟಾಂಟ್ ವಾಂಡೆನ್ ಸ್ಟಾಕ್ ಈ ರೆಫರಿಗೆ 10 ಲಕ್ಷ ಬೆಲ್ಜಿಯನ್ ಫ್ರಾಂಕ್, ಅಂದರೆ ಸುಮಾರು 27,000 ಪೌಂಡ್ ಕೊಟ್ಟಿದ್ದರು. ಹೊರಬಿದ್ದದ್ದು ಯಾವ ತನಿಖೆಯಿಂದಲೂ ಅಲ್ಲ. ಮಧ್ಯದಲ್ಲಿ ನಿಂತು ವ್ಯವಹಾರ ಕುದುರಿಸಿದವರೇ ಅಧ್ಯಕ್ಷರನ್ನು ವರ್ಷಗಟ್ಟಲೆ ಬ್ಲ್ಯಾಕ್‌ಮೇಲ್ ಮಾಡುತ್ತಿದ್ದರು, ಆ ಜಗಳ ಬೀದಿಗೆ ಬಂತು. ಕ್ಲಬ್ಬಿನ ಸಮಜಾಯಿಷಿ ಏನು ಗೊತ್ತಾ? ರೆಫರಿ ಕಷ್ಟದಲ್ಲಿದ್ದ, ಅದು ಲಂಚ ಅಲ್ಲ, ಸಾಲ.

ಸಾಲ ಅನ್ನುವ ಆ ಪದ ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ.

ಯುಇಎಫ್‌ಎ ಆಂಡರ್ಲೆಕ್ಟ್‌ಗೆ ಒಂದು ವರ್ಷ ಯುರೋಪಿನ ಟೂರ್ನಿಗಳಿಂದ ನಿಷೇಧ ಹಾಕಿತು. ಕ್ರೀಡಾ ನ್ಯಾಯಮಂಡಳಿ ಆ ನಿಷೇಧವನ್ನೂ ರದ್ದು ಮಾಡಿತು. ಹಣ ಕೊಟ್ಟದ್ದು ಸುಳ್ಳು ಅಂತಲ್ಲ, ಶಿಕ್ಷೆ ಕೊಟ್ಟ ಸಮಿತಿಗೆ ಆ ಅಧಿಕಾರ ಇರಲಿಲ್ಲ ಅಂತ. 1984ರ ಫೈನಲ್ ಫಾರೆಸ್ಟ್‌ಗೆ ವಾಪಸ್ ಸಿಗಲಿಲ್ಲ.

ಈಗ ಇದಕ್ಕೆ ಉಲ್ಟಾ ಇರುವ ಕಥೆ ನೋಡಿ. 2002ರ ಜೂನ್ 18, ವಿಶ್ವಕಪ್, ದಕ್ಷಿಣ ಕೊರಿಯಾ ಮತ್ತು ಇಟಲಿ. ಫುಟ್‌ಬಾಲ್ ನೋಡುವ ನಮ್ಮ ತಲೆಮಾರಿಗೆ ಇದು ಗೊತ್ತಿರುವ ಪಂದ್ಯವೇ. ಈಕ್ವೆಡಾರ್‌ನ ರೆಫರಿ ಬೈರನ್ ಮೊರೆನೊ, ಡೈವ್ ಹೊಡೆದ ಅಂತ ಫ್ರಾನ್ಸೆಸ್ಕೊ ತೊತ್ತಿಗೆ ಎರಡನೇ ಹಳದಿ ಕಾರ್ಡ್ ತೋರಿಸಿ ಹೊರಗೆ ಕಳಿಸಿದರು. ತೊಮ್ಮಾಸಿ ಹೊಡೆದ ಗೋಲು ಆಫ್‌ಸೈಡ್ ಅಂತ ರದ್ದಾಯಿತು. ಕೊನೆಗೆ ಆನ್ ಜುಂಗ್-ಹ್ವಾನ್ ಗೋಲ್ಡನ್ ಗೋಲು ಹೊಡೆದು ಇಟಲಿಯನ್ನು ಮನೆಗೆ ಕಳಿಸಿದರು. ರೆಫರಿಯನ್ನು ಕೊಂಡುಕೊಂಡಿದ್ದಾರೆ ಅಂತ ಇಟಲಿಗೆ ಇಟಲಿಯೇ ಕೂಗಿತು. ಇವತ್ತಿಗೂ ಕೂಗುತ್ತದೆ. ಆಮೇಲೆ ಮೊರೆನೊ ನಡೆದ ದಾರಿಯೂ ಆ ಕೂಗಿಗೆ ತುಪ್ಪ ಸುರಿಯಿತು. ಅದೇ ವರ್ಷ ತಮ್ಮ ದೇಶದ ಲೀಗ್ ಪಂದ್ಯವೊಂದರಲ್ಲಿ ಬೇಕಾಬಿಟ್ಟಿ ಹೆಚ್ಚುವರಿ ಸಮಯ ಕೊಟ್ಟು 20 ಪಂದ್ಯಗಳ ನಿಷೇಧಕ್ಕೆ ಒಳಗಾದರು. 2010ರಲ್ಲಿ ನ್ಯೂಯಾರ್ಕ್ ಏರ್‌ಪೋರ್ಟಿನಲ್ಲಿ ಹೆರಾಯಿನ್ ಸಮೇತ ಸಿಕ್ಕಿಬಿದ್ದು ಜೈಲಿಗೂ ಹೋದರು. ಇಷ್ಟೆಲ್ಲ ಆದರೂ ಆ ಕೊರಿಯಾ ಪಂದ್ಯಕ್ಕೆ ಅವರು ಒಂದು ರೂಪಾಯಿ ತಗೊಂಡದ್ದಕ್ಕೆ ಸಾಕ್ಷಿ ಸಿಕ್ಕಿಲ್ಲ. ಕೋಟಿ ಜನ ಸ್ಲೋ ಮೋಷನ್ನಿನಲ್ಲಿ ನೋಡಿದ ಪಂದ್ಯ ಅದು. ಆ ದೃಶ್ಯಗಳಿಂದ ದುಡ್ಡಿನ ವಿಷಯ ಏನೂ ತಿಳಿಯಲಿಲ್ಲ.

ಯಾರೂ ಸರಿಯಾಗಿ ನೋಡದೇ ಇದ್ದ ಪಂದ್ಯದಲ್ಲಿ ಏನಾಯಿತು ಅಂತ ಹೇಳ್ತೀನಿ.

2004ರ ಆಗಸ್ಟ್ 21. ಜರ್ಮನ್ ಕಪ್ಪಿನ ಮೊದಲ ಸುತ್ತು. ಮೂರನೇ ದರ್ಜೆಯ ಪಾಡರ್ಬೋರ್ನ್ ಎಂಬ ಸಣ್ಣ ಟೀಮಿನ ಎದುರು ಬುಂಡೆಸ್‌ಲಿಗಾದ ಹ್ಯಾಂಬರ್ಗ್. ಹ್ಯಾಂಬರ್ಗ್ 2-0ರಿಂದ ಮುಂದಿತ್ತು. ರೆಫರಿ ರಾಬರ್ಟ್ ಹಾಯ್ಜರ್‌ಗೆ 25 ತುಂಬುವುದಕ್ಕೆ ಇನ್ನೊಂದು ವಾರ ಬಾಕಿ. ಅವರು ಹ್ಯಾಂಬರ್ಗ್‌ನ ಎಮಿಲ್ ಎಂಪೆಂಜಾಗೆ ಕೆಂಪು ಕಾರ್ಡ್ ತೋರಿಸಿದರು, ಪಾಡರ್ಬೋರ್ನ್‌ಗೆ ಎರಡು ಪೆನಾಲ್ಟಿ ಕೊಟ್ಟರು. ಸಣ್ಣ ಟೀಮು 4-2ರಿಂದ ಗೆದ್ದಿತು. ದೊಡ್ಡ ಟೀಮು ಸೋತರೆ ನಮಗೆಲ್ಲ ಒಳಗೊಳಗೇ ಖುಷಿ ಅಲ್ವಾ? ಜರ್ಮನ್ನರಿಗೂ ಹಾಗೇ ಆಗಿರಬೇಕು. ಅದೇ ಶರತ್ಕಾಲದಲ್ಲಿ ಹ್ಯಾಂಬರ್ಗ್ ತನ್ನ ಕೋಚ್ ಕ್ಲಾಸ್ ಟಾಪ್‌ಮೊಲರ್‌ನನ್ನು ಮನೆಗೆ ಕಳಿಸಿತು.

2005ರ ಜನವರಿಯಲ್ಲಿ ನಾಲ್ಕು ಜನ ರೆಫರಿಗಳು ಜರ್ಮನ್ ಫುಟ್‌ಬಾಲ್ ಸಂಸ್ಥೆಗೆ ಹೋಗಿ, ನಮ್ಮ ಜೊತೆಗಾರನ ಮೇಲೆ ಅನುಮಾನ ಇದೆ ಅಂದರು. ಹಾಯ್ಜರ್ ಮೊದಲು ಇಲ್ಲ ಅಂದರು, ಆಮೇಲೆ ಒಪ್ಪಿಕೊಂಡರು. ಬರ್ಲಿನ್ನಿನ ಕೆಫೆ ಕಿಂಗ್ ಎಂಬ ಜಾಗದಲ್ಲಿ ಆಂಟೆ ಶಪಿನಾ ಎಂಬ ಬೆಟ್ಟಿಂಗ್ ಆಟಗಾರನ ಗುಂಪು ಕೂರುತ್ತಿತ್ತು. ಇಂಥ ಪಂದ್ಯ ಇಂಥವರು ಗೆಲ್ಲಬೇಕು ಅಂತ ಅಲ್ಲಿ ಮಾತಾಗುತ್ತಿತ್ತು, ಅದರ ಮೇಲೆ ಬೆಟ್ ಬೀಳುತ್ತಿತ್ತು. ಹಾಯ್ಜರ್‌ಗೆ ಒಟ್ಟು ಸಿಕ್ಕಿದ್ದು 67,000 ಯೂರೊ ಮತ್ತು ಒಂದು ಪ್ಲಾಸ್ಮಾ ಟಿವಿ. 2005ರ ನವೆಂಬರ್‌ನಲ್ಲಿ ಬರ್ಲಿನ್ ಕೋರ್ಟು ಹಾಯ್ಜರ್‌ಗೆ 2 ವರ್ಷ 5 ತಿಂಗಳು, ಶಪಿನಾಗೆ 2 ವರ್ಷ 11 ತಿಂಗಳು ಶಿಕ್ಷೆ ಹಾಕಿತು.

ಇಲ್ಲಿ ಗಮನಿಸಬೇಕಾದದ್ದು, ಪಾಡರ್ಬೋರ್ನ್ ಕ್ಲಬ್ಬಿಗೆ ರೆಫರಿಯನ್ನು ಕೊಂಡುಕೊಳ್ಳುವ ಅಗತ್ಯವೇ ಇರಲಿಲ್ಲ. ಹಣ ಇದ್ದದ್ದು ಮೈದಾನದ ಹೊರಗೆ, ಯಾವ ಟೀಮಿನ ಅಭಿಮಾನಿಯೂ ಅಲ್ಲದವನ ಕೈಯಲ್ಲಿ. ನಾವು ಅನುಮಾನ ಪಡುವಾಗ ಯಾವಾಗಲೂ ಎದುರಾಳಿ ಟೀಮನ್ನೇ ನೋಡ್ತೀವಿ. ಬೆಟ್ಟಿಂಗ್ ಮಾಡುವವನಿಗೆ ಟೀಮ್ ಯಾವುದಾದರೇನು? ಅವನಿಗೆ ಕ್ಯಾಮೆರಾ ಕಡಿಮೆ ಇರುವ, ಪತ್ರಿಕೆಯವರು ತಲೆ ಕೆಡಿಸಿಕೊಳ್ಳದ, ಸಂಬಳ ಕಡಿಮೆ ಇರುವ ರೆಫರಿಯ ಪಂದ್ಯ ಬೇಕು. ಶಪಿನಾ ಜೈಲಿನಿಂದ ಬಂದ ಮೇಲೂ ಇದೇ ಕಸುಬು ಮಾಡಿ 2009ರಲ್ಲಿ ಮತ್ತೆ ಸಿಕ್ಕಿಬಿದ್ದ. ಆಗ ಬೋಹುಮ್ ನಗರದ ಪ್ರಾಸಿಕ್ಯೂಟರ್‌ಗಳು ಒಂಬತ್ತು ದೇಶಗಳ ಸುಮಾರು 200 ಪಂದ್ಯಗಳು ಅನುಮಾನದಲ್ಲಿವೆ ಅಂತ ಹೇಳಿದರು.

2005 ಒಂದು ವಿಚಿತ್ರ ವರ್ಷ. ಜರ್ಮನಿಯಲ್ಲಿ ಹಾಯ್ಜರ್ ಕೇಸು ನಡೀತಾ ಇರುವಾಗಲೇ ಬ್ರೆಜಿಲ್‌ನಲ್ಲಿ ವೇಜಾ ಪತ್ರಿಕೆ ಇನ್ನೊಬ್ಬನನ್ನು ಹಿಡಿದು ಹಾಕಿತು. ಎಡಿಲ್ಸನ್ ಪೆರೇರಾ ದ ಕಾರ್ವಾಲ್ಯೊ, ಫಿಫಾ ಬ್ಯಾಡ್ಜ್ ಇದ್ದ ರೆಫರಿ. ಇವನದೂ ಬೆಟ್ಟಿಂಗ್ ಗುಂಪಿನ ಜೊತೆ ವ್ಯವಹಾರ. ಇವನು ನಡೆಸಿಕೊಟ್ಟ ಮೊದಲ ದರ್ಜೆಯ 11 ಪಂದ್ಯಗಳನ್ನು ರದ್ದು ಮಾಡಿ ಮತ್ತೆ ಆಡಿಸಿದರು. ನ್ಯಾಯ ಅಂದರೆ ಇದಲ್ವಾ ಅನಿಸುತ್ತೆ. ಆದರೆ ಆಗಿದ್ದೇನು? ಆ 11ರಲ್ಲಿ ಕೊರಿಂಥಿಯನ್ಸ್ ಮೊದಲು ಸೋತಿದ್ದ ಎರಡು ಪಂದ್ಯ ಇದ್ದವು. ಮತ್ತೆ ಆಡಿದಾಗ ಒಂದು ಗೆದ್ದು ಒಂದು ಡ್ರಾ ಮಾಡಿಕೊಂಡು 4 ಪಾಯಿಂಟ್ ಸಂಪಾದಿಸಿದರು. ವರ್ಷದ ಕೊನೆಗೆ ಚಾಂಪಿಯನ್ ಆಗಿದ್ದು ಕೊರಿಂಥಿಯನ್ಸೇ, ಎರಡನೇ ಸ್ಥಾನದ ಇಂಟರ್ನ್ಯಾಸಿಯೋನಲ್‌ಗಿಂತ 3 ಪಾಯಿಂಟ್ ಮುಂದೆ. ಪೋರ್ಟೊ ಅಲೆಗ್ರೆ ಊರಿನ ಇಂಟರ್ನ್ಯಾಸಿಯೋನಲ್ ಅಭಿಮಾನಿಗಳಿಗೆ ಆ ಕಪ್ ಇವತ್ತಿಗೂ ಕದ್ದ ಮಾಲು. ಒಬ್ಬ ರೆಫರಿ ಕೆಟ್ಟರೆ ಆ ಪಂದ್ಯ ಮಾತ್ರ ಕೆಡಲ್ಲ, ಸರಿ ಮಾಡುವ ದಾರಿಯೂ ಕೆಡುತ್ತೆ. ಪ್ರೊಡಕ್ಷನ್ನಿನಲ್ಲಿ ಹಾಳಾದ ಡೇಟಾವನ್ನು ರೋಲ್‌ಬ್ಯಾಕ್ ಮಾಡಿದವರಿಗೆ ಈ ಸಂಕಟ ಗೊತ್ತಿರುತ್ತೆ.

ಇಲ್ಲಿವರೆಗಿನದ್ದೆಲ್ಲ ದುಡ್ಡು ಕೈ ಬದಲಾಯಿಸಿದ, ಇಲ್ಲವೇ ಬದಲಾಯಿಸಲು ನೋಡಿದ ಕಥೆಗಳು. ಮುಂದಿನದು ನನ್ನನ್ನು ಹೆಚ್ಚು ಕಾಡಿದ್ದು.

2006ರ ಮೇ ತಿಂಗಳಲ್ಲಿ ಇಟಲಿಯ ಪತ್ರಿಕೆಗಳಲ್ಲಿ ಫೋನ್ ಸಂಭಾಷಣೆಗಳು ಅಚ್ಚಾಗತೊಡಗಿದವು. ಯುವೆಂಟಸ್‌ನ ಜನರಲ್ ಮ್ಯಾನೇಜರ್ ಲೂಚಾನೊ ಮೊಜ್ಜಿ ಒಂದು ಕಡೆ. ಇನ್ನೊಂದು ಕಡೆ ಪಿಯೆರ್‌ಲುಯಿಜಿ ಪೈರೆತ್ತೊ ಮತ್ತು ಪಾವೊಲೊ ಬೆರ್ಗಾಮೊ. ಇವರಿಬ್ಬರೂ ರೆಫರಿಗಳಲ್ಲ. ಯಾವ ಪಂದ್ಯಕ್ಕೆ ಯಾವ ರೆಫರಿ ಅಂತ ನಿರ್ಧರಿಸುವ ಜಾಗದಲ್ಲಿ ಕೂತವರು. ಹೆಸರಿಗೆ ಅಲ್ಲಿ ಚೀಟಿ ಎತ್ತುವ ಪದ್ಧತಿ ಇತ್ತು. ಆದರೆ ಯಾವ ರೆಫರಿಗಳ ಹೆಸರು ಯಾವ ಪಂದ್ಯಗಳ ಡಬ್ಬಿಗೆ ಹೋಗಬೇಕು ಅನ್ನುವುದು ಈ ಇಬ್ಬರ ಕೈಯಲ್ಲಿತ್ತು. ಮೊಜ್ಜಿ ಮಾತಾಡುತ್ತಿದ್ದದ್ದು ಆ ಡಬ್ಬಿಗಳ ಬಗ್ಗೆ. ಫೋನ್ ಕದ್ದಾಲಿಕೆಗೆ ಸಿಗಬಾರದು ಅಂತ ಸ್ವಿಟ್ಜರ್ಲೆಂಡಿನ ಸಿಮ್ ಕಾರ್ಡ್‌ಗಳನ್ನೂ ಹಂಚಿದ್ದರು ಅಂತ ನೇಪಲ್ಸ್‌ನ ಪ್ರಾಸಿಕ್ಯೂಟರ್‌ಗಳು ಆಪಾದಿಸಿದರು.

ನೋಡಿ ಎಷ್ಟು ನಾಜೂಕು. ಪೆನಾಲ್ಟಿ ಕೊಡು ಅಂತ ಯಾರಿಗೂ ಹೇಳಬೇಕಿಲ್ಲ. ನಾಳೆ ದೊಡ್ಡ ಪಂದ್ಯ ಸಿಗುತ್ತೋ ಇಲ್ಲವೋ, ಪ್ರಮೋಷನ್ ಆಗುತ್ತೋ ಇಲ್ಲವೋ ಅನ್ನೋದು ಯಾರ ಮಾತಿನ ಮೇಲೆ ನಿಂತಿದೆ ಅಂತ ರೆಫರಿಗೆ ಗೊತ್ತಿದ್ದರೆ ಸಾಕು. ನಮ್ಮಲ್ಲಿ ಅಪ್ರೈಸಲ್ ಬರೆಯುವ ಮ್ಯಾನೇಜರ್‌ನ ಕೋಡನ್ನು ರಿವ್ಯೂ ಮಾಡುವಾಗ ನಾವು ಎಷ್ಟು ತಪ್ಪು ಹುಡುಕ್ತೀವಿ, ನೀವೇ ಹೇಳಿ. ದುಡ್ಡು ಎಲ್ಲೂ ಕಾಣಲ್ಲ. ಆದರೆ ಒಂದು ಸೀರಿ ಎ ಟೈಟಲ್ಲಿನ ಹಿಂದೆ ಟಿವಿ ಹಕ್ಕು, ಸ್ಪಾನ್ಸರ್, ಚಾಂಪಿಯನ್ಸ್ ಲೀಗ್ ಅಂತ ಎಷ್ಟು ದುಡ್ಡಿದೆ ಅಂತ ಎಲ್ಲರಿಗೂ ಗೊತ್ತು.

ಜುಲೈ 9ಕ್ಕೆ ಇಟಲಿ ಬರ್ಲಿನ್ನಿನಲ್ಲಿ ವಿಶ್ವಕಪ್ ಗೆದ್ದಿತು. ಜುಲೈ 14ಕ್ಕೆ ಕ್ರೀಡಾ ಕೋರ್ಟಿನ ಮೊದಲ ತೀರ್ಪು ಬಂತು. ಯುವೆಂಟಸ್‌ನ 2004-05ರ ಟೈಟಲ್ ಹೋಯಿತು, 2005-06ರದು ಇಂಟರ್ ಮಿಲಾನ್ ಪಾಲಾಯಿತು, ಯುವೆಂಟಸ್ ಎರಡನೇ ದರ್ಜೆಗೆ ಇಳಿಯಿತು. ಮಿಲಾನ್, ಫಿಯೊರೆಂಟಿನಾ, ಲಾಜಿಯೊ, ರೆಜ್ಜಿನಾ ಕ್ಲಬ್ಬುಗಳೂ ಪಾಯಿಂಟ್ ಕಳೆದುಕೊಂಡವು. ಮೊಜ್ಜಿಗೆ ಫುಟ್‌ಬಾಲಿನಿಂದ ನಿಷೇಧ, ಆಮೇಲೆ ಅದು ಆಜೀವ ನಿಷೇಧವಾಯಿತು. ಕ್ರಿಮಿನಲ್ ಕೇಸು ಎಳೆದು ಎಳೆದು 2015ಕ್ಕೆ ಬಂದಾಗ, ಮುಖ್ಯ ಆರೋಪದ ಕಾಲಮಿತಿ ಮೀರಿದೆ ಅಂತ ಸುಪ್ರೀಂ ಕೋರ್ಟು ಕೈಬಿಟ್ಟಿತು. ಬೇರೆ ಕ್ಲಬ್ಬುಗಳವರೂ ಅದೇ ಅಧಿಕಾರಿಗಳಿಗೆ ಫೋನ್ ಮಾಡುತ್ತಿದ್ದರು ಅನ್ನುವ ಟೇಪುಗಳು ವರ್ಷಗಳ ನಂತರ ಹೊರಬಂದವು. ನಮಗೆ ಮಾತ್ರ ಯಾಕೆ ಶಿಕ್ಷೆ ಅಂತ ಯುವೆಂಟಸ್ ಅಭಿಮಾನಿಗಳು ಇನ್ನೂ ಕೇಳ್ತಾರೆ. 2002ರಲ್ಲಿ ಮೊರೆನೊ ಮೇಲೆ ಹರಿಹಾಯ್ದ ದೇಶದ ಒಳಗೇ, ಎರಡು ವರ್ಷದ ನಂತರ ಈ ಫೋನುಗಳು ಓಡಾಡುತ್ತಿದ್ದವು ಅನ್ನುವುದನ್ನು ಮರೆಯಬೇಡಿ.

ಇದರದೇ ದಾಯಾದಿಯಂಥ ಕೇಸು 2023ರ ಫೆಬ್ರವರಿಯಲ್ಲಿ ಸ್ಪೇನಿನಲ್ಲಿ ಹೊರಬಂತು. ಹೊಸೆ ಮಾರಿಯಾ ಎನ್ರೀಕೆಸ್ ನೆಗ್ರೇರಾ 1994ರಿಂದ 2018ರ ತನಕ ರೆಫರಿಗಳ ತಾಂತ್ರಿಕ ಸಮಿತಿಯ ಉಪಾಧ್ಯಕ್ಷ. ಅವರ ಕಂಪನಿಗಳಿಗೆ ಬಾರ್ಸಿಲೋನಾ ಕ್ಲಬ್ಬು ವರ್ಷಗಟ್ಟಲೆ ಹಣ ಕೊಟ್ಟಿತ್ತು, ಒಟ್ಟು 70 ಲಕ್ಷ ಯೂರೊಗಿಂತ ಹೆಚ್ಚು. ರೆಫರಿಗಳ ಬಗ್ಗೆ ತಾಂತ್ರಿಕ ವರದಿ ಬರೆಸಿಕೊಂಡದ್ದಕ್ಕೆ ಕೊಟ್ಟ ಫೀಸು ಅದು, ಯಾವ ರೆಫರಿಯನ್ನೂ ಕೊಂಡಿಲ್ಲ ಅಂತ ಕ್ಲಬ್ಬಿನ ವಾದ. ಇಂಥ ಪಂದ್ಯದಲ್ಲಿ ಇಂಥ ತೀರ್ಮಾನಕ್ಕೆ ದುಡ್ಡು ಹೋಯಿತು ಅಂತ ಯಾರೂ ಸಾಬೀತು ಮಾಡಿಲ್ಲ. ನನಗೆ ಮುಖ್ಯ ಅನಿಸಿದ್ದು, ಇದು ಸಿಕ್ಕಿಬಿದ್ದ ರೀತಿ. ತೆರಿಗೆ ಇಲಾಖೆಯವರು ಆ ಕಂಪನಿಯ ಲೆಕ್ಕ ತಪಾಸಣೆ ಮಾಡುವಾಗ ಇನ್‌ವಾಯ್ಸುಗಳು ಕಣ್ಣಿಗೆ ಬಿದ್ದವು. 17 ವರ್ಷ ಜಗತ್ತೆಲ್ಲ ಬಾರ್ಸಿಲೋನಾದ ಒಂದೊಂದು ಪೆನಾಲ್ಟಿಯನ್ನೂ ಹತ್ತು ಆ್ಯಂಗಲ್‌ನಿಂದ ನೋಡಿದೆ. ಯಾರಿಗೂ ಕಾಣದ್ದು ಒಬ್ಬ ಟ್ಯಾಕ್ಸ್ ಇನ್‌ಸ್ಪೆಕ್ಟರ್ ಟೇಬಲ್ಲಿನ ಮೇಲೆ ಕಂಡಿತು.

ಈ ಕೇಸುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತೆ. ಲೋಬೊ ವಿಷಯ ಗೊತ್ತಾಗಿದ್ದು ಟೇಪಿನಿಂದ. ಗುರುಸೇಟಾ ವಿಷಯ ಬ್ಲ್ಯಾಕ್‌ಮೇಲಿನಿಂದ. ಹಾಯ್ಜರ್ ವಿಷಯ ಜೊತೆಗಾರ ರೆಫರಿಗಳಿಂದ. ಮೊಜ್ಜಿಯದು ಫೋನಿನಿಂದ, ನೆಗ್ರೇರಾದು ಇನ್‌ವಾಯ್ಸಿನಿಂದ. ರಿಪ್ಲೇ ನೋಡಿ ಹಿಡಿದ ಕೇಸು ಇದರಲ್ಲಿ ಒಂದೂ ಇಲ್ಲ. ಯಾಕೆ ಅಂದರೆ ಲಂಚ ತಗೊಂಡು ಕೊಟ್ಟ ತಪ್ಪು ಪೆನಾಲ್ಟಿಯೂ, ಕಣ್ಣು ತಪ್ಪಿ ಕೊಟ್ಟ ತಪ್ಪು ಪೆನಾಲ್ಟಿಯೂ ಟಿವಿಯಲ್ಲಿ ಒಂದೇ ಥರ ಕಾಣುತ್ತವೆ. ಔಟ್‌ಪುಟ್ ನೋಡಿದರೆ ಬಗ್ ಯಾವುದು, ಬೇಕಂತಲೇ ಮಾಡಿದ್ದು ಯಾವುದು ಗೊತ್ತಾಗಲ್ಲ. ಲಾಗ್ ನೋಡಬೇಕು, ಯಾರಿಗೆ ಯಾವ ಆ್ಯಕ್ಸೆಸ್ ಇತ್ತು ಅಂತ ನೋಡಬೇಕು.

ದುಡ್ಡೇ ಇಲ್ಲದೆಯೂ ರೆಫರಿ ವಾಲುತ್ತಾನೆ, ಇದನ್ನೂ ಹೇಳಿಬಿಡಬೇಕು. ಲೂಯಿಸ್ ಗರಿಕಾನೊ, ಇಗ್ನಾಸಿಯೊ ಪಲಾಸಿಯೋಸ್-ವೆರ್ಟಾ, ಕ್ಯಾನಿಸ್ ಪ್ರೆಂಡರ್‌ಗಾಸ್ಟ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಸ್ಪೇನಿನ ಲೀಗ್ ಪಂದ್ಯಗಳಲ್ಲಿ ಕೊನೆಗೆ ಸೇರಿಸುವ ನಿಮಿಷಗಳನ್ನು ಲೆಕ್ಕ ಹಾಕಿ 2005ರಲ್ಲಿ ಪ್ರಕಟಿಸಿದರು. ತವರಿನ ಟೀಮು ಒಂದು ಗೋಲಿನಿಂದ ಹಿಂದಿದ್ದರೆ ಪಂದ್ಯ ಉದ್ದವಾಗುತ್ತಿತ್ತು, ಒಂದು ಗೋಲಿನಿಂದ ಮುಂದಿದ್ದರೆ ಬೇಗ ಮುಗಿಯುತ್ತಿತ್ತು. ಯಾರೂ ಯಾರಿಗೂ ಕವರ್ ಕೊಟ್ಟಿರಲಿಲ್ಲ. ಸುತ್ತ ಕೂತ ಸಾವಿರಾರು ಜನರ ಗದ್ದಲವೇ ಸಾಕಿತ್ತು. ಅಂದರೆ ಕಂಠೀರವದಲ್ಲಿ ಕುಣಿಯುತ್ತಿದ್ದ ನಾನೂ ಒಂದು ಲೆಕ್ಕದಲ್ಲಿ ರೆಫರಿ ಮೇಲೆ ಒತ್ತಡ ಹಾಕ್ತಾ ಇದ್ದವನೇ.

2018ರ ವಿಶ್ವಕಪ್ಪಿನಲ್ಲಿ ವಿಎಆರ್ ಬಂದಾಗ ಇನ್ನು ಮೋಸ ಮುಗೀತು ಅಂತ ಬಹಳ ಜನ ಅಂದುಕೊಂಡರು. ಅದು ಕಣ್ತಪ್ಪನ್ನು ಕಡಿಮೆ ಮಾಡಬಹುದು, ಒಳ್ಳೇದೇ. ಆದರೆ ವಿಎಆರ್ ರೂಮಿನಲ್ಲಿ ಕೂರುವವನೂ ರೆಫರಿಯೇ. ಅವನನ್ನು ಅಲ್ಲಿ ಕೂರಿಸುವವರು ಯಾರು, ಅವನ ಸಂಬಳ ಯಾರ ಕೈಯಲ್ಲಿದೆ, ಬೆಟ್ಟಿಂಗ್ ಕಂಪನಿಯ ಜಾಹೀರಾತು ಜೆರ್ಸಿಯ ಮೇಲಿರುವ ಲೀಗಿನಲ್ಲಿ ಯಾರು ಯಾರ ಮೇಲೆ ಕಣ್ಣಿಟ್ಟಿರಬೇಕು ಅನ್ನುವ ಪ್ರಶ್ನೆಗಳು ಕ್ಯಾಮೆರಾದಿಂದ ಬಗೆಹರಿಯಲ್ಲ. ಕೋಡ್ ಬರೆದವನೇ ಅದನ್ನು ಅಪ್ರೂವ್ ಮಾಡಬಾರದು ಅಂತ ನಮ್ಮಲ್ಲಿ ರೂಲ್ ಇದೆ. ಬರೆದವನು ಕಳ್ಳ ಅಂತ ಆ ರೂಲ್ ಮಾಡಿದ್ದಲ್ಲ. ಅವನು ಪ್ರಾಮಾಣಿಕನಾಗಿದ್ದರೂ ಅದನ್ನು ಬೇರೆಯವರು ನಂಬುವ ಹಾಗಿರಲಿ ಅಂತ.

ಬ್ಲಾಸ್ಟರ್ಸ್ ಪಂದ್ಯಕ್ಕೆ ವಾಪಸ್ ಬರೋಣ. ಆಟ ಬಿಟ್ಟು ಹೋದದ್ದಕ್ಕೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಶಿಸ್ತು ಸಮಿತಿ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ದಂಡ. ಫ್ರೀಕಿಕ್ ಸರಿಯೋ ತಪ್ಪೋ ಅಂತ ಈಗಲೂ ವಾದ ನಡೆಯುತ್ತೆ. ದುಡ್ಡಿನ ಮಾತು ಮಾತ್ರ ಗ್ಯಾಲರಿಯ ಸಿಟ್ಟಿನಲ್ಲಿ ಹುಟ್ಟಿ ಅಲ್ಲೇ ಉಳಿಯಿತು, ಅದಕ್ಕೆ ಬೇರೆ ಆಧಾರ ಇರಲಿಲ್ಲ. ನಾವು ಫೈನಲ್ಲಿಗೆ ಹೋಗಿ ಗೋವಾದಲ್ಲಿ ಎಟಿಕೆ ಮೋಹನ್ ಬಗಾನ್ ಎದುರು ಪೆನಾಲ್ಟಿಯಲ್ಲಿ ಸೋತೆವು. ಅವತ್ತು ನನ್ನ ಬಾಯಿಂದ ರೆಫರಿ ಬಗ್ಗೆ ಏನೇನು ಬಂತು ಅಂತ ಇಲ್ಲಿ ಬರೆಯಲ್ಲ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ, ಇಪ್ಪತ್ತು ವರ್ಷಕ್ಕೂ ಮೇಲಾದ ಮೇಲೆ, ಅಪ್ಪನನ್ನು ಕೇಳಿದೆ. ಕೊಬ್ಬರಿ ಅಟ್ಟದ ಕೆಳಗೆ ಕೂತು ಕಾಯಿ ಸುಲೀತಿದ್ದರು.

"ಅಪ್ಪ, ಆ ಕಬಡ್ಡಿ ಫೈನಲ್. ಆ ಹುಡುಗ ಗೆರೆ ಮುಟ್ಟಿದ್ನಾ?"

ತಲೆ ಎತ್ತದೇ ಹೇಳಿದರು. "ಮುಟ್ಟಿದ್ದ ಕಣಪ್ಪ. ಬೆರಳ ತುದೀಲಿ ಸುಣ್ಣ ಇತ್ತು. ನಾನೇ ನೋಡ್ದೆ."

ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. "ಅಂಗಡೀಲಿ ಬಾಕಿ ಇದ್ದಿದ್ದೂ ದಿಟವೇ. ಮೂರೂವರೆ ಸಾವಿರ. ಆದ್ರೆ ಒಂದು ಚೀಲ ಗೊಬ್ಬರಾನೂ ಅವನು ಬಿಟ್ಟಿ ಕೊಟ್ಟಿಲ್ಲ, ಕಾಯಿ ಮಾರಿ ಬಡ್ಡಿ ಸಮೇತ ಕಟ್ದೆ."

"ಹಂಗಿದ್ಮೇಲೆ ಆ ಪಂದ್ಯಕ್ಕೆ ಬೇರೆಯವರ ಕೈಗೆ ಸೀಟಿ ಕೊಡಬಹುದಿತ್ತಲ್ಲ?"

"ಯಾರ್ಗೆ ಕೊಡ್ಲಿ? ಸುತ್ತ ಐದೂರಲ್ಲಿ ರೂಲ್ಸು ಗೊತ್ತಿದ್ದೋನು ನಾನೊಬ್ಬನೇ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಸುಳ್ಳು ಹೇಳುತ್ತಿಲ್ಲ ಅಂತ ನನಗೆ ಗೊತ್ತು. ಊರವರು ಅನುಮಾನ ಪಟ್ಟಿದ್ದೂ ಸುಮ್ಮಸುಮ್ಮನೆ ಅಲ್ಲ ಅಂತ ಈಗ ಗೊತ್ತು. ಸಾಲ ಇರುವವನ ಕೈಗೆ ಸೀಟಿ ಕೊಟ್ಟ ಮೇಲೆ, ಅವನು ಎಷ್ಟೇ ಸರಿಯಾಗಿ ಊದಿದರೂ ಆ ಸದ್ದಿನಲ್ಲಿ ಬಾಕಿಯೂ ಕೇಳಿಸುತ್ತೆ. ತಪ್ಪು ಅಪ್ಪನ ಕಣ್ಣಿನದಲ್ಲ, ಟೂರ್ನಮೆಂಟ್ ಏರ್ಪಡಿಸಿದ್ದ ರೀತಿಯದು. ಹನ್ನೆರಡು ವರ್ಷದ ನಾನು ಅದನ್ನು ಅಪ್ಪನ ತಪ್ಪು ಅಂದುಕೊಂಡೆ.

ಈ ವರ್ಷ ನಮ್ಮ ಟೆಕ್‌ಪಾರ್ಕಿನ ಫುಟ್‌ಬಾಲ್ ಲೀಗ್ ಕಮಿಟಿಯಲ್ಲಿ ನಾನಿದ್ದೆ. ಮೊದಲೆಲ್ಲ ಟರ್ಫ್ ಬುಕ್ ಮಾಡಿದ ಟೀಮೇ ರೆಫರಿಗೆ ದುಡ್ಡು ಕೊಡುತ್ತಿತ್ತು. ಅದನ್ನು ಬಿಡಿಸಿ, ಎಲ್ಲ ಟೀಮಿನಿಂದ ಮೊದಲೇ ದುಡ್ಡು ಹಾಕಿಸಿಕೊಂಡು, ರೆಫರಿ ಯಾರು ಅನ್ನುವುದಕ್ಕೆ ಎಲ್ಲರ ಎದುರು ಚೀಟಿ ಎತ್ತಿಸಿದೆವು. ಫೈನಲ್ಲಿನಲ್ಲಿ ತ್ರಿಶ್ಶೂರಿನ ಹುಡುಗನ ಟೀಮು ಒಂದು ಪೆನಾಲ್ಟಿಯಿಂದ ಸೋತಿತು. ಅವನು ನೇರ ನನ್ನ ಹತ್ತಿರ ಬಂದ.

"ರೆಫ್ರಿ ಸೇಲ್ ಆಗೋಗಿದಾನೆ ಮಚ್ಚಾ" ಅಂದ.

ಲೆಕ್ಕದ ಶೀಟ್ ಇದ್ದ ಫೋನನ್ನು ಅವನ ಕೈಗೆ ಕೊಟ್ಟೆ. ಮೇಲಿಂದ ಕೆಳಗೆ ನೋಡಿದ, ವಾಪಸ್ ಕೊಟ್ಟ.

"ಹಾಗಾದ್ರೆ ಅವನಿಗೆ ಕಣ್ಣು ಕಾಣಲ್ಲ" ಅಂದ.

ಅದನ್ನು ನಾನು ಒಪ್ಪಿಕೊಂಡೆ.